ನೋಡಲು ಮೆಕೆಂಜಿ, ಆಡಿದರೆ ಅಲ್ಲ: ವರ್ಚುವಲ್ ಕೋರ್ಸ್ ಎಲ್ಲಿ ಎಡವಿತು?

ಪ್ರಶ್ನೆ: ಎರಡು ವರ್ಷದಿಂದ ಗಾಲ್ಫ್ ಸಿಮ್ಯುಲೇಟರ್ ಆಡುತ್ತಿದ್ದೇನೆ. ಕೋರ್ಸ್ ವಿನ್ಯಾಸಕ ಅಲಿಸ್ಟರ್ ಮೆಕೆಂಜಿ ಅಂದರೆ ನನಗೆ ಪ್ರಾಣ. ಅವರ ಕೋರ್ಸ್‌ಗಳ ಫೋಟೊ ನೋಡಿ ನೋಡಿ, ಆಟದ ಜೊತೆಗೇ ಬರುವ ಕೋರ್ಸ್ ಡಿಸೈನರ್‌ನಲ್ಲಿ ನಾಲ್ಕು ತಿಂಗಳು ಕೂತು 18 ಹೋಲ್‌ಗಳ ಕೋರ್ಸ್ ಮಾಡಿದೆ. ಸಮತಟ್ಟು ನೆಲದಿಂದ ಶುರು ಮಾಡಿ ದಿಬ್ಬ ಎಬ್ಬಿಸಿದೆ. ಅಂಚು ಹರಿದಂತಿರುವ ಬಿಳಿ ಮರಳಿನ ಬಂಕರ್ (ಮರಳುಗುಂಡಿ) 94 ಇವೆ. ಗ್ರೀನ್‌ಗಳಿಗೆ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗಗಳಿಗೆ, ದೊಡ್ಡ ದೊಡ್ಡ ಅಲೆ ಕೊಟ್ಟಿದ್ದೇನೆ. ಅವರ ಸೈಪ್ರೆಸ್ ಪಾಯಿಂಟ್ ಕೋರ್ಸ್‌ನಲ್ಲಿ ಇರುವ ಹಾಗೆ 15, 16 ಎರಡನ್ನೂ ಪಾರ್-3 (ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಮಾಡಿದ್ದೇನೆ. ಗೆಳೆಯರು 'ಸಖತ್ತಾಗಿ ಕಾಣುತ್ತೆ' ಅನ್ನುತ್ತಾರೆ, ಆದರೆ ಎರಡನೇ ಸಲ ಯಾರೂ ಆಡುವುದಿಲ್ಲ. ಗ್ರೀನ್ ಮೇಲೆ ಚೆಂಡು ನಿಲ್ಲುವುದಿಲ್ಲ ಎಂಬ ದೂರು ಬೇರೆ. 7ನೇ ಹೋಲ್ ಬಗ್ಗೆ ಒಬ್ಬ 'ಯಾವ ಕಡೆ ಹೊಡೆದರೂ ಒಂದೇ' ಅಂದ. ಅದು 410 ಗಜದ ಪಾರ್-4. ಟೀಯಿಂದ (ಮೊದಲ ಹೊಡೆತದ ಜಾಗ) 280 ಗಜದಲ್ಲಿ ಎರಡೂ ಬದಿ ಬಂಕರ್, ನಡುವೆ 28 ಗಜ ಅಗಲದ ಫೇರ್‌ವೇ (ಗಿಡ್ಡ ಹುಲ್ಲಿನ ಹಾದಿ), ಕೊನೆಗೆ ದುಂಡನೆಯ ಗ್ರೀನ್, ಅದರ ಎಡಬಲಕ್ಕೆ ಮತ್ತೆರಡು ಬಂಕರ್. ನಿಜವಾದ ಕೋರ್ಸ್‌ನ ಲೈಡಾರ್ ಡೇಟಾ ತಂದು ಅದರ ಮೇಲೆ ಕಟ್ಟಿದರೆ ಸರಿಹೋಗುತ್ತದಾ? ಅಥವಾ ನಾನು ಮಾಡುತ್ತಿರುವುದೇ ಬರೀ ನಕಲಾ? ಹೆಸರಿನಲ್ಲಿ ಮೆಕೆಂಜಿ ಅಂತ ಹಾಕಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಕೊರಗು ಇವೆ. ಚೆಂಡು ನಿಲ್ಲುತ್ತಿಲ್ಲ, ಆಡಿದವರು ವಾಪಸ್ ಬರುತ್ತಿಲ್ಲ, ಮತ್ತೆ ಇಷ್ಟೆಲ್ಲ ಮಾಡಿದ್ದು ಬರೀ ನಕಲಾ ಎಂಬ ಅಳುಕು. ಮೂರೂ ಬೇರೆ ಬೇರೆ ಅಂತ ನಿಮಗೆ ಅನಿಸಿದೆ. ನನಗೆ ಹಾಗನಿಸಲಿಲ್ಲ. ನೀವು ಫೋಟೊ ನೋಡಿ ಕೋರ್ಸ್ ಕಟ್ಟಿದ್ದೀರಿ. ಫೋಟೊದಲ್ಲಿ ಮರಳು ಚೆನ್ನಾಗಿ ಕಾಣುತ್ತದೆ. ಹುಲ್ಲಿನ ವೇಗ ಕಾಣುವುದಿಲ್ಲ. ಟೀ ಮೇಲೆ ನಿಂತವನ ತಲೆಯಲ್ಲಿ ನಡೆಯುವ ಲೆಕ್ಕಾಚಾರವಂತೂ ಕಾಣುವುದೇ ಇಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ನಾನೂ ಶುರು ಮಾಡಿದ್ದು ಹೀಗೇ. ನನ್ನ ಮೊದಲ 'ಮೆಕೆಂಜಿ' ಕೋರ್ಸ್‌ನಲ್ಲಿ 120ಕ್ಕೂ ಜಾಸ್ತಿ ಬಂಕರ್ ಇದ್ದವು. ಒಂದೊಂದರ ಅಂಚನ್ನೂ ಮೌಸ್ ಹಿಡಿದು ರಾತ್ರಿಯೆಲ್ಲ ಎಳೆದಿದ್ದೆ. ಆಡಿ ಮುಗಿಸಿದ ಗೆಳೆಯ ಕೇಳಿದ: 'ಇಷ್ಟೊಂದು ಬಂಕರ್ ಯಾಕೋ? ಬಿದ್ದಿದ್ದು ಎರಡಕ್ಕೆ. ಯಾವ ಎರಡು ಅಂತಾನೂ ನೆನಪಿಲ್ಲ.' ಒಂದು ವಾರ ಅವನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವನು ಹೇಳಿದ್ದು ಸರಿ ಅನಿಸಿತು.

ಮೊದಲು ಗ್ರೀನ್ ವಿಷಯ ಮುಗಿಸೋಣ. ಅದು ಒಂದೆರಡು ಸಂಜೆಯಲ್ಲಿ ಸರಿಹೋಗುವ ಕೆಲಸ.

ಮೆಕೆಂಜಿ ತೀರಿಕೊಂಡದ್ದು 1934ರ ಜನವರಿಯಲ್ಲಿ. ಗ್ರೀನ್‌ನ ವೇಗ ಅಳೆಯುವ ಸ್ಟಿಂಪ್‌ಮೀಟರನ್ನು ಎಡ್ವರ್ಡ್ ಸ್ಟಿಂಪ್ಸನ್ ರೂಪಿಸಿದ್ದು 1935ರಲ್ಲಿ. ಇದು ಒಂದು ಸಣ್ಣ ಜಾರುಪಟ್ಟಿ. ಅದರಿಂದ ಚೆಂಡು ಬಿಟ್ಟರೆ ಸಮತಟ್ಟು ಗ್ರೀನ್ ಮೇಲೆ ಎಷ್ಟು ಅಡಿ ಉರುಳುತ್ತದೋ ಅದೇ ಆ ಗ್ರೀನ್‌ನ ವೇಗ. 1970ರ ದಶಕದಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ದೇಶದ ತುಂಬ ಗ್ರೀನ್‌ಗಳನ್ನು ಅಳೆದಾಗಲೂ ಸರಾಸರಿ 7 ಅಡಿಗಿಂತ ಕಡಿಮೆಯೇ ಬಂದಿತ್ತು. ಮೆಕೆಂಜಿ ಕಾಲದ ಹುಲ್ಲು ಇನ್ನೂ ಉದ್ದ, ಇನ್ನೂ ನಿಧಾನ. ಅವರು ಆ ಅಲೆಗಳನ್ನೆಲ್ಲ ಬಿಡಿಸಿದ್ದು ಅಂಥ ಗ್ರೀನ್‌ಗಳಿಗೆ. ನೀವು ಅದೇ ಅಲೆ ತಂದಿರಿ, ವೇಗ ಮಾತ್ರ ಇವತ್ತಿನ ಟೂರ್ನಮೆಂಟಿನ 12 ಇಟ್ಟಿರಬೇಕು ಅಂತ ನನ್ನ ಊಹೆ.

ಇದರಿಂದ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಸಮತಟ್ಟು ನೆಲದಲ್ಲಿ 10 ಅಡಿ ಉರುಳುವ ಒಂದು ಪಟ್ (ಚೆಂಡು ಉರುಳಿಸುವ ಮೆಲು ಹೊಡೆತ) ಇದೆ ಅಂದುಕೊಳ್ಳಿ. ಅದನ್ನೇ 4 ಪರ್ಸೆಂಟ್ ಇಳಿಜಾರಿನಲ್ಲಿ ಕೆಳಮುಖವಾಗಿ ಹೊಡೆಯಿರಿ. ವೇಗ 7 ಇರುವ ಗ್ರೀನ್‌ನಲ್ಲಿ ಅದು ಸುಮಾರು 15 ಅಡಿ ಹೋಗುತ್ತದೆ. ವೇಗ 12 ಇದ್ದರೆ ಸುಮಾರು 26 ಅಡಿ. ಇಳಿಜಾರನ್ನು 6 ಪರ್ಸೆಂಟಿಗೆ ಏರಿಸಿದರೆ ನಿಧಾನದ ಗ್ರೀನ್‌ನಲ್ಲಿ 21 ಅಡಿ ದಾಟಿ ನಿಲ್ಲುತ್ತದೆ, ವೇಗದ ಗ್ರೀನ್‌ನಲ್ಲಿ 100 ಅಡಿ ದಾಟಿದರೂ ನಿಲ್ಲುವುದಿಲ್ಲ. ಅಂದರೆ ಗ್ರೀನ್ ಬಿಟ್ಟು ಆಚೆಗೇ ಹೋಯಿತು. ಇದು ಕಾಗದದ ಮೇಲಿನ ಸರಳ ಲೆಕ್ಕ. ಒಂದೊಂದು ಆಟದ ಎಂಜಿನ್ ಸ್ವಲ್ಪ ಹೆಚ್ಚುಕಡಿಮೆ ಮಾಡುತ್ತದೆ, ಆದರೂ ಕಥೆ ಇದೇ.

ನಿಮಗೆ ಎರಡು ದಾರಿ ಇವೆ. ಅಲೆಗಳನ್ನು ಹಾಗೇ ಬಿಟ್ಟು ವೇಗವನ್ನು 8ಕ್ಕೋ 9ಕ್ಕೋ ಇಳಿಸುವುದು ಒಂದು. ಇದರಲ್ಲಿ ತೊಂದರೆ ಏನೆಂದರೆ, ವೇಗದ ಗ್ರೀನ್‌ಗೆ ಕೈ ಕೂತವರು 'ಏನ್ರೀ ಇದು, ಕಂಬಳಿ ಮೇಲೆ ಆಡಿದ ಹಾಗಿದೆ' ಅಂತ ಗೊಣಗುತ್ತಾರೆ. ಎಷ್ಟೋ ಆಟಗಳಲ್ಲಿ ವೇಗದ ಹಿಡಿತ ಆಡುವವರ ಕೈಯಲ್ಲೂ ಇರುತ್ತದೆ. ನೀವು 8 ಇಟ್ಟರೂ ಅವರು 13ಕ್ಕೆ ಏರಿಸಿಕೊಂಡು ಆಮೇಲೆ ನಿಮ್ಮನ್ನೇ ಬೈಯುತ್ತಾರೆ. ಇನ್ನೊಂದು ದಾರಿ, ಪಿನ್ (ಕುಳಿಯ ಬಾವುಟದ ಕೋಲು) ನೆಡುವ ಜಾಗಗಳನ್ನು ಮಾತ್ರ ತಣ್ಣಗಾಗಿಸುವುದು. ಪ್ರತಿ ಗ್ರೀನ್‌ನಲ್ಲಿ ನಾಲ್ಕು ಜಾಗ ಆರಿಸಿ. ಪಿನ್ ಸುತ್ತ ನಾಲ್ಕೈದು ಹೆಜ್ಜೆಯಷ್ಟು ನೆಲ 3 ಪರ್ಸೆಂಟ್ ಒಳಗೆ ಇರಲಿ, 2ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಆ ನಾಲ್ಕು ಜಾಗಗಳ ನಡುವೆ ಅಲೆ ಎಷ್ಟು ಜೋರಾಗಿದ್ದರೂ ನಡೆಯುತ್ತದೆ. ಚೆಂಡು ಅಲ್ಲಿ ನಿಲ್ಲಬೇಕಾಗಿಲ್ಲ, ಹಾದುಹೋಗಬೇಕು ಅಷ್ಟೆ. ನಾನು ಎರಡನೆಯದನ್ನೇ ಮಾಡುತ್ತೇನೆ, ವೇಗವನ್ನೂ 10ಕ್ಕೆ ತರುತ್ತೇನೆ. ಪೂರ್ತಿ ಚಪ್ಪಟೆ ಮಾಡಲು ಮಾತ್ರ ಹೋಗಬೇಡಿ. ಹಾಗೆ ಮಾಡಿದರೆ ನೀವು ಇಷ್ಟಪಟ್ಟ ಮೆಕೆಂಜಿಯೇ ಅಲ್ಲಿ ಉಳಿಯುವುದಿಲ್ಲ.

ಇನ್ನು ಬಂಕರ್. ಮೆಕೆಂಜಿ ಅಂದರೆ ಹರಿದ ಅಂಚಿನ ಬಿಳಿ ಬಂಕರ್ ಅಂತ ತುಂಬಾ ಜನ ನಂಬಿದ್ದಾರೆ. ಅರ್ಧ ಸತ್ಯ. 1928ರಲ್ಲಿ ಶುರುವಾದ, ಕ್ಯಾಲಿಫೋರ್ನಿಯಾದ ಸೈಪ್ರೆಸ್ ಪಾಯಿಂಟ್‌ನಲ್ಲಿ ನಿಜವಾಗಿಯೂ ಹಾಗೇ ಇವೆ. ಅಲ್ಲಿ ಸಮುದ್ರ ಇದೆ, ಮರಳುದಿಬ್ಬ ಇದೆ, ಗಾಳಿಗೆ ತಿರುಚಿಕೊಂಡ ಮರ ಇದೆ. ಬಂಕರ್ ಆ ದಿಬ್ಬದ ಮುಂದುವರಿದ ಭಾಗದ ಹಾಗೆ ಕಾಣಬೇಕಿತ್ತು. ಅದೇ ಮೆಕೆಂಜಿ 1926ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ರಾಯಲ್ ಮೆಲ್ಬರ್ನ್‌ನ ವೆಸ್ಟ್ ಕೋರ್ಸ್‌ಗೆ ವಿನ್ಯಾಸ ಕೊಟ್ಟರು. ಅಲ್ಲಿದ್ದದ್ದು ಕೆಲವೇ ವಾರ. ಕಟ್ಟಿದ್ದು ಅಲ್ಲಿನ ಗ್ರೀನ್‌ಕೀಪರ್ ಮಿಕ್ ಮಾರ್ಕಮ್ ಮತ್ತು ಆಟಗಾರ ಅಲೆಕ್ಸ್ ರಸೆಲ್. ಅಲ್ಲಿನ ಬಂಕರ್‌ಗಳ ಅಂಚು ಚಾಕುವಿನಿಂದ ಕೊಯ್ದಷ್ಟು ನಯ. ಗ್ರೀನ್‌ನ ಹುಲ್ಲು ಮುಗಿಯುವ ಕಡೆಯೇ ಮರಳಿನ ತುಟಿ ಶುರು, ನಡುವೆ ರಫ್ (ಉದ್ದ ಹುಲ್ಲು) ಅನ್ನುವುದೇ ಇಲ್ಲ. ಎರಡು ಫೋಟೊ ಪಕ್ಕಪಕ್ಕ ಇಟ್ಟು ನೋಡಿದರೆ ಒಬ್ಬರೇ ಮಾಡಿದ್ದು ಅಂತ ಹೇಳುವುದು ಕಷ್ಟ.

ಬಂಕರ್‌ನ ಚಹರೆ ಅಲ್ಲಿನ ಮಣ್ಣಿನದ್ದು, ಕಟ್ಟಿದ ಕೈಗಳದ್ದು. ಹಾಗಾದರೆ ಮೆಕೆಂಜಿಯದ್ದು ಯಾವುದು? ಎರಡೂ ಕೋರ್ಸ್‌ಗಳಲ್ಲಿ ಒಂದೇ ಥರ ಇರುವುದು ಏನು ಅಂತ ನೋಡಿದರೆ ಸಿಗುತ್ತದೆ. ಫೇರ್‌ವೇ ಅಗಲ. ಆದರೆ ಅಗಲದ ಎಲ್ಲ ಭಾಗವೂ ಸಮ ಅಲ್ಲ. ಒಂದು ಬದಿಯಿಂದ ಗ್ರೀನ್ ಬಾಗಿಲು ತೆರೆದ ಹಾಗೆ ಕಾಣುತ್ತದೆ, ಇನ್ನೊಂದು ಬದಿಯಿಂದ ಮುಚ್ಚಿದ ಹಾಗೆ. ಆ ಒಳ್ಳೆಯ ಬದಿಗೆ ಹೋಗಬೇಕು ಅಂದರೆ ಏನಾದರೂ ಒಂದು ಅಪಾಯದ ಪಕ್ಕದಲ್ಲೇ ಹೊಡೆಯಬೇಕು. ಶಕ್ತಿ ಕಡಿಮೆ ಇರುವವರಿಗೂ ಒಂದು ಸುತ್ತುದಾರಿ ಇಟ್ಟಿರುತ್ತಾರೆ, ಒಂದು ಹೊಡೆತ ಜಾಸ್ತಿಯಾದೀತು, ಆದರೆ ಚೆಂಡು ಹುಡುಕುತ್ತಾ ಅಲೆಯಬೇಕಾಗಿಲ್ಲ. ಈ ಪಾಠವನ್ನೆಲ್ಲ ಅವರು ಕಲಿತದ್ದು ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಿಂದ. 1924ರಲ್ಲಿ ಅದನ್ನು ಅಳೆದು ನಕ್ಷೆ ಬರೆದವರೂ ಅವರೇ.

94 ಬಂಕರ್ ಜಾಸ್ತಿಯಾಯಿತಾ? ಸಂಖ್ಯೆ ನೋಡಿ ಹೇಳಲಾಗುವುದಿಲ್ಲ. ಓಲ್ಡ್ ಕೋರ್ಸ್‌ನಲ್ಲಿ 112 ಇವೆ. ಆಟಗಾರ ಬಾಬಿ ಜೋನ್ಸ್ ಜೊತೆ ಮೆಕೆಂಜಿ ಅಮೆರಿಕದಲ್ಲಿ ಮಾಡಿದ ಆಗಸ್ಟಾ ನ್ಯಾಷನಲ್ ಶುರುವಾದಾಗ ಇದ್ದದ್ದು 22ರ ಆಸುಪಾಸು. ಎರಡೂ ಕಡೆ ಪ್ರತಿ ಬಂಕರ್‌ಗೂ ಒಂದು ಕೆಲಸ ಇದೆ. ನಿಮ್ಮ ಒಂದೊಂದು ಬಂಕರ್ ಮುಂದೆಯೂ ನಿಂತು 'ಇದನ್ನು ಅಳಿಸಿದರೆ ಆಡುವವನ ಯೋಚನೆ ಬದಲಾಗುತ್ತದಾ?' ಅಂತ ಕೇಳಿ. ಇಲ್ಲ ಅಂದರೆ ಅಳಿಸಿ. ಅರ್ಧಕ್ಕರ್ಧ ಹೋಗುತ್ತವೆ, ನೋಡಿ ಬೇಕಾದರೆ. ಮರಗಳ ವಿಷಯದಲ್ಲೂ ಇದೇ ಮಾತು. ಕಡಿಮೆ ಮಾಡಿದರೆ ಗೆಳೆಯರ ಹಳೇ ಕಂಪ್ಯೂಟರುಗಳೂ ಉಸಿರಾಡುತ್ತವೆ.

ನಿಮ್ಮ 7ನೇ ಹೋಲ್‌ಗೆ ಬರೋಣ. 'ಯಾವ ಕಡೆ ಹೊಡೆದರೂ ಒಂದೇ' ಅಂದ ಗೆಳೆಯ ಚುರುಕು, ಅವನನ್ನು ಬಿಡಬೇಡಿ. ಎರಡೂ ಬದಿ ಬಂಕರ್ ಇಟ್ಟು ನಡುವೆ 28 ಗಜ ಕೊಟ್ಟರೆ ಆಡುವವನಿಗೆ ಉಳಿಯುವುದು ಒಂದೇ ಕೆಲಸ, ನಡುವೆ ಹೊಡೆಯುವುದು. ಅದರಲ್ಲಿ ಯೋಚನೆ ಇಲ್ಲ, ಕೈಚಳಕ ಮಾತ್ರ. ಗ್ರೀನ್ ದುಂಡಗಿದೆ, ಆದ್ದರಿಂದ ಎಡದಿಂದ ಬಂದರೂ ಬಲದಿಂದ ಬಂದರೂ ಒಂದೇ ನೋಟ.

ನಾನಾದರೆ ಮೊದಲು ಗ್ರೀನ್‌ನಿಂದ ಶುರು ಮಾಡುತ್ತೇನೆ. ದುಂಡಗಿನದನ್ನು ಉದ್ದಕ್ಕೆ ಎಳೆದು ಓರೆಯಾಗಿ ತಿರುಗಿಸುತ್ತೇನೆ: ಮುಂಭಾಗ ಎಡಕ್ಕೆ, ಹಿಂಭಾಗ ಬಲಕ್ಕೆ. ಈಗ ಫೇರ್‌ವೇಯ ಎಡ ಅಂಚಿನಲ್ಲಿ ನಿಂತವನಿಗೆ ಗ್ರೀನ್‌ನ ಪೂರ್ತಿ ಉದ್ದ ಸಿಗುತ್ತದೆ. ಬಲದಲ್ಲಿ ನಿಂತವನಿಗೆ ಅದೇ ಗ್ರೀನ್ ಅಡ್ಡಲಾಗಿ, ಸಪೂರವಾಗಿ ಕಾಣುತ್ತದೆ. ಗ್ರೀನ್ ಪಕ್ಕದ ಎಡ ಬಂಕರ್ ತೆಗೆದುಬಿಡುತ್ತೇನೆ. ಬಲಗಡೆಯದನ್ನು ದೊಡ್ಡದು ಮಾಡಿ, ಗ್ರೀನ್‌ನ ಮುಂದಿನ ಬಲ ಮೂಲೆಗೆ ಒತ್ತಿ ಕೂರಿಸುತ್ತೇನೆ. ಆಮೇಲೆ ಫೇರ್‌ವೇ. ಅದನ್ನು 55 ಗಜಕ್ಕೆ ಅಗಲಿಸಿ, ಬಲದ ಬಂಕರ್ ಅಳಿಸಿ. ಎಡದ ಬಂಕರನ್ನು ಫೇರ್‌ವೇ ಒಳಕ್ಕೆ ಎಳೆಯಿರಿ. ಅದರ ಆಚೆಗೂ ಎಡಕ್ಕೆ ಹದಿನೈದು ಗಜ ಹುಲ್ಲು ಉಳಿಯಲಿ. ಟೀಯಿಂದ ಅದನ್ನು ದಾಟಲು 265 ಗಜ ಬೇಕಾಗುವ ಹಾಗೆ ಇಡಿ, ಆಟದಲ್ಲಿ ಎಲ್ಲರೂ 280, 290 ಹೊಡೆಯುತ್ತಾರೆ ಅಲ್ವಾ, ಅವರಿಗೆ ಅದು ಸರಿಯಾದ ಆಸೆ ಹುಟ್ಟಿಸುತ್ತದೆ.

ಈಗ ಆಡಿ ನೋಡಿ. ಧೈರ್ಯ ಇರುವವನು ಬಂಕರ್ ಮೇಲಿಂದ ಹಾರಿಸಿ ಎಡಕ್ಕೆ ಹೋಗುತ್ತಾನೆ, ಅವನಿಗೆ ಬಾಗಿಲು ತೆರೆದಿದೆ. ಹಿಂಜರಿಯುವವನಿಗೆ ಬಲಗಡೆ ಬೇಕಾದಷ್ಟು ಜಾಗ ಇದೆ, ಆದರೆ ಮುಂದಿನ ಹೊಡೆತದಲ್ಲಿ ಮರಳಿನ ಮೇಲಿಂದ ಸಪೂರ ಗ್ರೀನ್‌ಗೆ ಇಳಿಸಬೇಕು. ಅದೂ ಆಗದವನು ಗ್ರೀನ್‌ನ ಎಡ ಮುಂಭಾಗಕ್ಕೆ ಉರುಳಿಸಿ, ಅಲ್ಲಿಂದ ಪಟ್ ಮಾಡಿಕೊಳ್ಳಬಹುದು. ಪಿನ್ ಎಡ ಮುಂದೆ ಇದ್ದ ದಿನ ಇದೆಲ್ಲ ಅಷ್ಟು ಮುಖ್ಯ ಆಗುವುದಿಲ್ಲ. ಪಿನ್ ಬಲ ಹಿಂದಕ್ಕೆ ಹೋದ ದಿನ ಎಡ ಬದಿಗೆ ಬೆಲೆ ಬರುತ್ತದೆ. ಇದೇ ಕಾರಣಕ್ಕೆ ಜನ ಎರಡನೇ ಸಲ ಆಡುತ್ತಾರೆ. ಒಟ್ಟು ಎರಡು ಬಂಕರ್ ಹೋದವು, ಎರಡು ಉಳಿದವು.

ಪರೀಕ್ಷೆ ಸುಲಭ. ಹತ್ತು ಜನರಿಂದ ಆಡಿಸಿ, ಅವರ ಮೊದಲ ಹೊಡೆತ ಬಿದ್ದ ಜಾಗಕ್ಕೆ ಒಂದು ಕಾಗದದಲ್ಲಿ ಚುಕ್ಕಿ ಇಡಿ. ಹತ್ತೂ ಚುಕ್ಕಿ ಒಂದೇ ಕಡೆ ಗುಂಪಾದರೆ ಆ ಹೋಲ್ ಏನನ್ನೂ ಕೇಳುತ್ತಿಲ್ಲ. ಎರಡು ಮೂರು ಗುಂಪಾದರೆ ಕೆಲಸ ಆಗಿದೆ.

ಮೆಕೆಂಜಿ ಅಭಿಮಾನಿಗಳು ಬಿಡದೆ ಹೇಳುವ ಇನ್ನೊಂದು ವಿಷಯ ಕಣ್ಣುಕಟ್ಟು. ಅವರು ಮೂಲತಃ ವೈದ್ಯರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸರ್ಜನ್ ಆಗಿದ್ದಾಗ, ಬೋಯರ್ ಸೈನಿಕರು ನೆಲದ ಏರಿಳಿತವನ್ನೇ ಬಳಸಿ ಅಡಗಿಕೊಳ್ಳುವುದನ್ನು ನೋಡಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿ ಮರೆಮಾಚುವ ಕೆಲಸವನ್ನೇ ಮಾಡಿದರು. ಅದೇ ಬುದ್ಧಿ ಕೋರ್ಸ್‌ಗೂ ಬಂತು. ಗ್ರೀನ್ ಸಿಗುವುದಕ್ಕೆ 30 ಗಜ ಮೊದಲೇ ಬಂಕರ್ ಇಟ್ಟು, ಅದರ ತುಟಿ ಎತ್ತರಿಸಿ, ನಡುವಿನ ಜಾಗ ಕಾಣದ ಹಾಗೆ ಮಾಡಿದರೆ ಬಂಕರ್ ಗ್ರೀನ್‌ಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ನಿಂತವನು ದೂರ ತಪ್ಪಾಗಿ ಅಂದಾಜಿಸುತ್ತಾನೆ.

ಆಟದಲ್ಲಿ ಇದು ನಡೆಯುವುದಿಲ್ಲ. ಪರದೆ ಮೂಲೆಯಲ್ಲಿ '172 ಗಜ' ಅಂತ ಬರೆದಿರುತ್ತದೆ. ಒಂದು ಬಟನ್ ಒತ್ತಿದರೆ ಕ್ಯಾಮೆರಾ ಹಕ್ಕಿಯ ಹಾಗೆ ಮೇಲೇರಿ ಎಲ್ಲ ತೋರಿಸುತ್ತದೆ. ಗ್ರೀನ್ ಮೇಲೆ ಇಳಿಜಾರಿನ ಗೆರೆಗಳೂ ಬರುತ್ತವೆ. ಹಾಗಾಗಿ ವರ್ಚುವಲ್ ಕೋರ್ಸ್‌ನಲ್ಲಿ ಕಣ್ಣಿಗೆ ಮೋಸ ಮಾಡುವುದನ್ನು ನೆಚ್ಚಿಕೊಳ್ಳಬೇಡಿ. ಕೋನ ಮತ್ತು ಇಳಿಜಾರು ಮಾತ್ರ ಗೊತ್ತಿದ್ದರೂ ಕಾಡುತ್ತವೆ. ನಿಜವಾದ ಕ್ಲಬ್ ಹಿಡಿದು ದೊಡ್ಡ ಪರದೆಗೆ ಹೊಡೆಯುವ ಸಿಮ್ಯುಲೇಟರ್‌ಗಳಲ್ಲಿ ಸ್ವಲ್ಪ ನಡೆಯುತ್ತದೆ, ಅಲ್ಲಿ ಜನಕ್ಕೆ ಹಾರಾಟದ ಕ್ಯಾಮೆರಾ ನೋಡುವ ತಾಳ್ಮೆ ಕಡಿಮೆ.

ಹಾಗೇ ಒಂದು ಎಚ್ಚರಿಕೆ. ಪರದೆ ಮೇಲೆ ದೂರದ ದಿಬ್ಬ ಇರುವುದಕ್ಕಿಂತ ಚಪ್ಪಟೆಯಾಗಿ ಕಾಣುತ್ತದೆ. ಅದಕ್ಕೇ ಹೊಸಬರು ಎಲ್ಲವನ್ನೂ ಎರಡರಷ್ಟು ಎತ್ತರಿಸುತ್ತಾರೆ. ನೋಡಲು ಸರಿಹೋಗುತ್ತದೆ, ಆಡಲು ಹೋದರೆ ಚೆಂಡು ಪಿನ್‌ಬಾಲ್ ಆಗುತ್ತದೆ. ಎತ್ತರಕ್ಕೆ ಕೈ ಹಾಕುವ ಮೊದಲು ಸೂರ್ಯನನ್ನು ಕೆಳಗಿಳಿಸಿ. ಬೆಳಕು ಓರೆಯಾಗಿ ಬಿದ್ದರೆ ನೆರಳು ಉದ್ದವಾಗಿ, ಇರುವ ಏರಿಳಿತವೇ ಎದ್ದು ಕಾಣುತ್ತದೆ.

ಈಗ 15, 16. ಸೈಪ್ರೆಸ್ ಪಾಯಿಂಟ್‌ನಲ್ಲಿ ಎರಡು ಪಾರ್-3 ಸಾಲಾಗಿ ಬಂದದ್ದು ಯಾರೋ ಮೊದಲೇ ತೀರ್ಮಾನ ಮಾಡಿದ್ದರಿಂದಲ್ಲ. ಅಲ್ಲಿ ಬಂಡೆಯ ಅಂಚು ಹಾಗಿತ್ತು. ಆ ಕೆಲಸ ಮೊದಲು ವಿನ್ಯಾಸಕ ಸೆತ್ ರೇನರ್ ಕೈಯಲ್ಲಿತ್ತು, 1926ರಲ್ಲಿ ಅವರು ತೀರಿಕೊಂಡ ಮೇಲೆ ಮೆಕೆಂಜಿಗೆ ಬಂತು. 16ರಲ್ಲಿ ಅಷ್ಟು ದೂರ ಸಮುದ್ರ ದಾಟಿಸುವುದು ಆಗದ ಮಾತು ಅಂತ ರೇನರ್ ಅಂದಿದ್ದರಂತೆ. ಯೋಜನೆಯ ಹಿಂದಿದ್ದ ಮೇರಿಯನ್ ಹಾಲಿನ್ಸ್, ತಾವೇ ದೊಡ್ಡ ಆಟಗಾರ್ತಿ, ಚೆಂಡಿಟ್ಟು ಹೊಡೆದು ಆಚೆ ದಡಕ್ಕೆ ಮುಟ್ಟಿಸಿ ತೋರಿಸಿದರು ಅಂತ ಕಥೆ. ಮೆಕೆಂಜಿ ಆ ಹೋಲ್‌ನ ಶ್ರೇಯಸ್ಸನ್ನು ಹಾಲಿನ್ಸ್‌ಗೇ ಕೊಟ್ಟರು. ನೇರ ದಾಟಲು ಅಂಜುವವರಿಗೆ ಎಡಗಡೆ ನೆಲ ಇದೆ, ಅದನ್ನು ಮರೆಯಬೇಡಿ. ಅದೇ ಕೋರ್ಸ್‌ನಲ್ಲಿ 5, 6 ಸಾಲಾಗಿ ಪಾರ್-5. ನೆಲ ಕೊಟ್ಟದ್ದನ್ನು ಅವರು ತೆಗೆದುಕೊಂಡರು. ನೀವು ಸಮತಟ್ಟು ನೆಲದಲ್ಲಿ ಬರೀ ಅದರ ಕ್ರಮಸಂಖ್ಯೆ ತಂದಿದ್ದೀರಿ.

ನನ್ನ ಅನುಭವದಲ್ಲಿ ನಿಮ್ಮ ಕೋರ್ಸ್‌ನ ಮುಖ್ಯ ತೊಂದರೆ ಇಲ್ಲೇ ಇದೆ. ವರ್ಚುವಲ್ ನೆಲಕ್ಕೆ ಎದುರು ಮಾತಾಡುವುದು ಗೊತ್ತಿಲ್ಲ. ದಿಬ್ಬ ಬೇಕು ಅಂದರೆ ಏಳುತ್ತದೆ, ಬೇಡ ಅಂದರೆ ಮಲಗುತ್ತದೆ. ಮೆಕೆಂಜಿಗೆ ಬಂಡೆ ಅಡ್ಡ ಬರುತ್ತಿತ್ತು, ತೊರೆ ಅಡ್ಡ ಬರುತ್ತಿತ್ತು, ದುಡ್ಡು ಮುಗಿಯುತ್ತಿತ್ತು. ಆ ಜಗಳದಲ್ಲೇ ಹೋಲ್‌ಗಳು ಹುಟ್ಟಿದವು. ನಿಮ್ಮ ಹತ್ತಿರ ಜಗಳವಾಡುವ ನೆಲ ಇಲ್ಲ, ಆದ್ದರಿಂದ 18 ಹೋಲ್ ಕೂಡ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಬಂದಿವೆ.

ಲೈಡಾರ್ ಪ್ರಶ್ನೆಗೆ ಇಲ್ಲೇ ಉತ್ತರ ಇದೆ. ಲೈಡಾರ್ ಅಂದರೆ ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆಯುವುದು. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಸರ್ಕಾರಿ ಸಂಸ್ಥೆಗಳೇ ಇದನ್ನು ಉಚಿತವಾಗಿ ಕೊಡುತ್ತವೆ. ಅದನ್ನು ತಂದು ಆಗಸ್ಟಾ ಕಟ್ಟಿದರೆ ಮೆಕೆಂಜಿ ಸಿಗುತ್ತಾರೆ ಅಂತ ನೀವು ಅಂದುಕೊಂಡಿದ್ದರೆ, ಸಿಗುವುದಿಲ್ಲ. ಲೈಡಾರ್ ಕೊಡುವುದು ಇವತ್ತಿನ ನೆಲ. ಆಗಸ್ಟಾದಲ್ಲಿ ಮೊದಲ ಟೂರ್ನಮೆಂಟ್ ನಡೆದದ್ದು 1934ರ ಮಾರ್ಚ್‌ನಲ್ಲಿ, ಅಷ್ಟರಲ್ಲಿ ಮೆಕೆಂಜಿ ಇರಲಿಲ್ಲ. ಅದರ ಮರುವರ್ಷವೇ ಮೊದಲ ಒಂಬತ್ತು, ಕೊನೆಯ ಒಂಬತ್ತು ಹೋಲ್‌ಗಳು ಅದಲುಬದಲಾದವು. 1937ರಲ್ಲಿ ಇನ್ನೊಬ್ಬ ವಿನ್ಯಾಸಕ ಪೆರಿ ಮ್ಯಾಕ್ಸ್‌ವೆಲ್ 10ನೇ ಗ್ರೀನನ್ನು ಹಿಂದಕ್ಕೆ, ಎತ್ತರಕ್ಕೆ ಒಯ್ದರು. ಹಳೆಯ ಗ್ರೀನ್ ಪಕ್ಕ ಮೆಕೆಂಜಿ ಮಾಡಿದ್ದ ದೊಡ್ಡ ಬಂಕರ್ ಅಲ್ಲೇ ಉಳಿದು, ಈಗ ಫೇರ್‌ವೇ ನಡುವೆ ಒಂಟಿಯಾಗಿ ಕೂತಿದೆ. ನೋಡಲು ಬಹಳ ಚೆಂದ, ಹೆಚ್ಚಿನವರ ಆಟಕ್ಕೆ ಅದು ಅಡ್ಡ ಬರುವುದೇ ಇಲ್ಲ. 16ನೇ ಹೋಲ್‌ನ ಈಗಿನ ರೂಪ 1947ರಲ್ಲಿ ಮತ್ತೊಬ್ಬ ವಿನ್ಯಾಸಕ ರಾಬರ್ಟ್ ಟ್ರೆಂಟ್ ಜೋನ್ಸ್ ಕೊಟ್ಟದ್ದು. ಸುಮ್ನೆ ನಕಲು ಮಾಡಿದರೆ ಯಾರ ಕೆಲಸವನ್ನು ನಕಲು ಮಾಡುತ್ತಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ.

ತಾಂತ್ರಿಕ ಮಿತಿಯೂ ಇದೆ. ಇಂಥ ಡೇಟಾದ ಎತ್ತರದಲ್ಲಿ 10 ಸೆಂಟಿಮೀಟರ್‌ನಷ್ಟು ಹೆಚ್ಚುಕಡಿಮೆ ಸಾಮಾನ್ಯ. ಬೆಟ್ಟಕ್ಕೆ ಅದು ಲೆಕ್ಕಕ್ಕೇ ಇಲ್ಲ. ಗ್ರೀನ್ ಮೇಲೆ 5 ಮೀಟರ್ ಅಂತರದಲ್ಲಿ 10 ಸೆಂಟಿಮೀಟರ್ ಅಂದರೆ 2 ಪರ್ಸೆಂಟ್ ಇಳಿಜಾರು! ಪಟ್ ಎಡಕ್ಕೆ ತಿರುಗಬೇಕಾದದ್ದು ಬಲಕ್ಕೆ ತಿರುಗೀತು. ಆದ್ದರಿಂದ ಗ್ರೀನ್‌ಗಳನ್ನು ಹೇಗಿದ್ದರೂ ಕೈಯಲ್ಲೇ ತಿದ್ದಬೇಕು.

ಆದರೆ ಲೈಡಾರನ್ನು ಬೇರೆ ಥರ ಬಳಸಿ ನೋಡಿ. ಎಲ್ಲಾದರೂ ಗಾಲ್ಫ್ ಕೋರ್ಸ್ ಇಲ್ಲದ ಒಂದು ಒಳ್ಳೆಯ ಜಾಗ ಹುಡುಕಿ: ಮರಳುದಿಬ್ಬ, ಇಲ್ಲ ತೊರೆ ಹರಿಯುವ ಬಯಲು. ಆ ನೆಲವನ್ನು ತಂದು, ಮುಟ್ಟದೆ, ಅದರಲ್ಲಿ 18 ಹೋಲ್ ಎಲ್ಲಿ ಅಡಗಿವೆ ಅಂತ ಹುಡುಕಿ. ನಾನು ನನಗೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಒಂದು ಹೋಲ್‌ಗೆ ಟೀ ಮತ್ತು ಗ್ರೀನ್ ಬಿಟ್ಟು ಒಂದೇ ಕಡೆ ಮಣ್ಣು ಎತ್ತಬಹುದು. ಮೊದಲ ವಾರ ಹುಚ್ಚು ಹಿಡಿಯುತ್ತದೆ. ಆಮೇಲೆ ನೀವು ಕನಸಿನಲ್ಲೂ ಬಿಡಿಸದಂಥ ಹೋಲ್‌ಗಳು ಬರುತ್ತವೆ. ಇದರ ಕಷ್ಟ ಏನೆಂದರೆ ನಿಮ್ಮ ಆಟದ ಜೊತೆ ಬರುವ ಡಿಸೈನರ್‌ಗೆ ಇಂಥ ಡೇಟಾ ನೇರವಾಗಿ ಹಾಕಲು ಆಗದಿರಬಹುದು. ಜಿಎಸ್‌ಪ್ರೊ ಎಂಬ ಸಿಮ್ಯುಲೇಟರ್ ತಂತ್ರಾಂಶಕ್ಕೆ ಕೋರ್ಸ್ ಮಾಡುವವರು ಯುನಿಟಿ, ಬ್ಲೆಂಡರ್, ಇಂಕ್‌ಸ್ಕೇಪ್ ಎಂಬ ಮೂರು ತಂತ್ರಾಂಶಗಳನ್ನೂ ಬಳಸುತ್ತಾರೆ. ಕಲಿಯಲು ತಿಂಗಳುಗಳೇ ಬೇಕು. ಅಷ್ಟು ಪುರುಸೊತ್ತಿಲ್ಲ ಅಂದರೆ, ಈಗಿರುವ ಕೋರ್ಸ್‌ನಲ್ಲೇ ಒಂದು ತೊರೆ ಹರಿಸಿ, ಅದನ್ನು ಇನ್ನು ಕದಲಿಸುವುದಿಲ್ಲ ಅಂತ ಹಟ ಹಿಡಿಯಿರಿ. ಹೋಲ್‌ಗಳೇ ಅದಕ್ಕೆ ಹೊಂದಿಕೊಳ್ಳಲಿ.

ಕಳೆದುಹೋದ ಕೋರ್ಸ್ ಒಂದನ್ನು ಮತ್ತೆ ಕಟ್ಟುವುದು ಇನ್ನೊಂದು ದಾರಿ. ಹಳೇ ಫೋಟೊ, ನಕ್ಷೆ ಹುಡುಕುವ ಹುಚ್ಚು ಇದ್ದವರಿಗೆ ಮಾತ್ರ. ಇದರ ದೊಡ್ಡ ಉದಾಹರಣೆ ಲೀಡೊ. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ ವಿನ್ಯಾಸಕ ಸಿ.ಬಿ. ಮೆಕ್‌ಡೊನಾಲ್ಡ್ ಮಾಡಿದ್ದ ಕೋರ್ಸ್ ಅದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಳಿದುಹೋಯಿತು. ಪೀಟರ್ ಫ್ಲೋರಿ ಎಂಬ ಹವ್ಯಾಸಿ ಹಳೇ ಫೋಟೊಗಳನ್ನು ಇಟ್ಟುಕೊಂಡು ಅದನ್ನು ಕಂಪ್ಯೂಟರ್ ಆಟದಲ್ಲಿ ಮತ್ತೆ ಎಬ್ಬಿಸಿದರು. ಆ ಮಾದರಿಯನ್ನೇ ಆಧಾರ ಮಾಡಿಕೊಂಡು ವಿನ್ಯಾಸಕ ಟಾಮ್ ಡೋಕ್ ತಂಡ ವಿಸ್ಕಾನ್ಸಿನ್‌ನ ಸ್ಯಾಂಡ್ ವ್ಯಾಲಿಯಲ್ಲಿ ನಿಜವಾದ ಮಣ್ಣಿನಲ್ಲಿ ಕಟ್ಟಿತು, 2023ರಲ್ಲಿ ಶುರುವಾಯಿತು. ನಿಮಗೆ ಇಷ್ಟವಾಗುವ ವಿಷಯ ಇನ್ನೊಂದಿದೆ. 1914ರಲ್ಲಿ ಒಂದು ಪತ್ರಿಕೆ ಪಾರ್-4 ಹೋಲ್ ಬಿಡಿಸುವ ಸ್ಪರ್ಧೆ ಇಟ್ಟಿತ್ತು. ಗೆದ್ದದ್ದು ಮೆಕೆಂಜಿ. ಅವರು ಬಿಡಿಸಿದ ಆ ಹೋಲ್ ಲೀಡೊದ 18ನೆಯದಾಯಿತು. ಟೀಯಿಂದ ಗ್ರೀನ್‌ಗೆ ಹಲವು ದಾರಿ, ಯಾರ ಶಕ್ತಿಗೆ ಯಾವುದೋ ಅದು.

ಇದೇ ಕಥೆಯಲ್ಲಿ ನಿಮ್ಮ ಅಳುಕಿಗೂ ಉತ್ತರ ಇದೆ. ಮೆಕ್‌ಡೊನಾಲ್ಡ್ ಸ್ಕಾಟ್ಲೆಂಡ್‌ನ ಒಳ್ಳೊಳ್ಳೆಯ ಹೋಲ್‌ಗಳ ಮಾದರಿಯನ್ನು ಅಮೆರಿಕಕ್ಕೆ ತಂದರು. ನಾರ್ತ್ ಬೆರಿಕ್‌ನ 15ನೇ ಹೋಲ್ 'ರೆಡಾನ್' ಎಷ್ಟು ಕಡೆ ಮತ್ತೆ ಹುಟ್ಟಿದೆಯೋ ಲೆಕ್ಕವಿಲ್ಲ. ಅದನ್ನು ಯಾರೂ ಕಳ್ಳತನ ಅನ್ನಲಿಲ್ಲ. ಗ್ರೀನ್ ಓರೆ ಇರಬೇಕು, ಹಿಂದಕ್ಕೆ ವಾಲಿರಬೇಕು ಅನ್ನುವ ಉಪಾಯವನ್ನು ತೆಗೆದುಕೊಂಡರು, ಮಣ್ಣು ತಮ್ಮದೇ ಹಾಕಿದರು.

ಹೆಸರಿನ ವಿಷಯ ಬೇರೆ, ಅಲ್ಲಿ ಹುಷಾರಾಗಿರಿ. ನಾನು ವಕೀಲನಲ್ಲ, ಒಂದು ಪ್ರಕರಣ ಹೇಳುತ್ತೇನೆ. ಟೆಕ್ಸಸ್‌ನಲ್ಲಿ ಟೂರ್ 18 ಎಂಬ ಕೋರ್ಸ್ ಪ್ರಸಿದ್ಧ ಹೋಲ್‌ಗಳ ಪ್ರತಿಕೃತಿ ಕಟ್ಟಿತ್ತು. ಪೆಬಲ್ ಬೀಚ್, ಪೈನ್‌ಹರ್ಸ್ಟ್ ಮತ್ತು ಹಾರ್ಬರ್ ಟೌನ್ ಎಂಬ ಮೂಲ ಕೋರ್ಸ್‌ಗಳ ಕಡೆಯವರು ಕೋರ್ಟಿಗೆ ಹೋದರು. 1998ರಲ್ಲಿ ಮೇಲ್ಮನವಿ ಕೋರ್ಟ್ ಕೊಟ್ಟ ತೀರ್ಪಿನ ಸಾರ ಇಷ್ಟು: ಹಾರ್ಬರ್ ಟೌನ್‌ನ ದೀಪಸ್ತಂಭ ಇರುವ 18ನೇ ಹೋಲ್‌ನ ನೋಟಕ್ಕೆ ರಕ್ಷಣೆ ಸಿಕ್ಕಿತು, ಉಳಿದೆರಡು ಹೋಲ್‌ಗಳ ಆಕಾರಕ್ಕೆ ಸಿಗಲಿಲ್ಲ, ಕ್ಲಬ್‌ಗಳ ಹೆಸರನ್ನು ಪ್ರಚಾರಕ್ಕೆ ಬಳಸಿದ್ದು ತಪ್ಪು. ಅದು ದುಡ್ಡಿನ ವ್ಯವಹಾರ, ನಿಮ್ಮದು ಹವ್ಯಾಸ. ಆದರೂ ಕ್ಲಬ್‌ಗಳ ಹೆಸರು, ಲೋಗೊ ಮುಟ್ಟಬೇಡಿ. ಕೋರ್ಸ್‌ನ ವಿವರದಲ್ಲಿ 'ಅಲಿಸ್ಟರ್ ಮೆಕೆಂಜಿಯವರ ಕೆಲಸದಿಂದ ಪ್ರೇರಣೆ' ಅಂತ ಒಂದು ಸಾಲು ಬರೆದರೆ ಅಡ್ಡಿಯಿಲ್ಲ. ಶೀರ್ಷಿಕೆಯಲ್ಲಿ ಅವರ ಹೆಸರು ಬೇಡ. ಹಾಕಿದರೆ ಆಡುವವರು ಮೊದಲ ಟೀಯಲ್ಲೇ ಆಗಸ್ಟಾ ಹುಡುಕಲು ಶುರು ಮಾಡುತ್ತಾರೆ.

ಆ ತೊರೆ ಹರಿಸಿದ ಮೇಲೆ ಕೋರ್ಸ್‌ಗೆ ಅದರ ಹೆಸರನ್ನೇ ಇಡಿ. 7ನೇ ಹೋಲ್ ತಿದ್ದಿ ಮುಗಿದ ದಿನ, ಪಿನ್ ಬಲ ಹಿಂದಕ್ಕೆ ಇಟ್ಟು, 'ಯಾವ ಕಡೆ ಹೊಡೆದರೂ ಒಂದೇ' ಅಂದ ಗೆಳೆಯನನ್ನೇ ಮೊದಲು ಕರೆಯಿರಿ. ಏನೂ ಹೇಳಬೇಡಿ. ಟೀ ಮೇಲೆ ಅವನು ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತಾನೆ ಅಂತ ನೋಡಿ.